ಮೋರಿಯೊಳಗೆ ಮಾತು ಇಳಿಸಿದವಳು

ಹನ್ನೊಂದು ಜನರ ನಾಲ್ಕು ದಿನದ ಕೂಲಿ ಇನ್ನೂ ಬಾಕಿ ಇದೆ. ಆರು ವರ್ಷವಾಯಿತು. ಹಾಜರಿ ಪುಸ್ತಕದಲ್ಲಿ ಆ ನಾಲ್ಕು ದಿನಗಳ ಎದುರು ಕೆಂಪು ಶಾಯಿಯಲ್ಲಿ ‘ಕೆಲಸಕ್ಕೆ ಇಳಿಯಲು ನಿರಾಕರಿಸಿದರು’ ಎಂದು ಬರೆದಿದ್ದಾರೆ. ಬರೆದದ್ದು ಸುಳ್ಳಲ್ಲ. ಇಳಿಯಲಿಲ್ಲ, ನಿಜ. ಯಾಕೆ ಇಳಿಯಲಿಲ್ಲ ಎಂದು ಬರೆಯುವುದಕ್ಕೆ ಆ ಪುಸ್ತಕದಲ್ಲಿ ಅಂಕಣವಿಲ್ಲ. ಅದಕ್ಕೇ ಇಲ್ಲಿ ಬರೆಯಬೇಕಾಗಿದೆ.

ಆ ಹನ್ನೊಂದು ಜನರಲ್ಲಿ ಒಬ್ಬಳನ್ನು ಎಲ್ಲರೂ ಕಿವಿಯಕ್ಕ ಎನ್ನುತ್ತಾರೆ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇದೆ. ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಮೋರಿಗೆ ಬರುವ ಮೊದಲು ಒಂಬತ್ತು ವರ್ಷ ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿ ದುಡಿದಳು. ಬಾಟಲಿಗಳು ಮೈಗೆ ಮೈ ಬಡಿಯುತ್ತ ಪಟ್ಟಿಯ ಮೇಲೆ ಸಾಗುವ ಆ ಗದ್ದಲದಲ್ಲಿ ಪಕ್ಕದವಳು ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳಿಸದು. ಅಂಥದ್ದರೊಳಗಿಂದ ಬಿರುಕು ಬಿಟ್ಟ ಒಂದೇ ಒಂದು ಬಾಟಲಿಯ ಸದ್ದನ್ನು, ಅಕ್ಕಿಯೊಳಗಿನ ಕಲ್ಲು ಆರಿಸಿದ ಹಾಗೆ, ಆರಿಸಿ ತೆಗೆಯುವುದು ಅವಳ ಕೆಲಸವಾಗಿತ್ತು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಮೈದುನ ಅವಳನ್ನು ಮೋರಿಯ ತಂಡಕ್ಕೆ ಕರೆತಂದ. ಗಂಡ ಬೇಕರಿಯಲ್ಲಿ ಭಟ್ಟಿಯ ಮುಂದೆ ನಿಲ್ಲುತ್ತಾನೆ. ಒಳ್ಳೆಯವನು, ಮಾತು ಕಡಿಮೆ. ಈ ಕತೆಯಲ್ಲಿ ಅವನಿಗೆ ಹೆಚ್ಚು ಕೆಲಸವಿಲ್ಲ.

ಮೋರಿ ಎಂದರೆ ಬೀದಿ ಬದಿಯ ಚರಂಡಿಯಲ್ಲ. ಊರಿನ ಹೊಟ್ಟೆಯೊಳಗೆ ಹಳೆಯ ಕಾಲದವರು ಇಟ್ಟಿಗೆಯಲ್ಲಿ ಕಟ್ಟಿದ ಸುರಂಗ ಅದು. ಎತ್ತರದ ಗಂಡಸು ಟೋಪಿ ಹಾಕಿಕೊಂಡು ನೆಟ್ಟಗೆ ನಿಲ್ಲಬಹುದು. ಮಳೆಯ ನೀರೆಲ್ಲ ಅದರಲ್ಲೇ ಹರಿದು ಊರಾಚೆ ಸೇರುತ್ತದೆ. ಜನ ಎಸೆದದ್ದೂ ಅದರಲ್ಲೇ ಸೇರುತ್ತದೆ. ವರ್ಷಪೂರ್ತಿ ಹೂಳು ತೆಗೆಯದಿದ್ದರೆ ಮೊದಲ ಮಳೆಗೇ ಅಂಗಡಿ ಸಾಲಿನೊಳಗೆ ನೀರು ನುಗ್ಗಿ ಅಕ್ಕಿ ಮೂಟೆ ತೇಲುತ್ತದೆ. ಆಗ ಎಲ್ಲರಿಗೂ ಮೋರಿಯವರ ನೆನಪಾಗುತ್ತದೆ, ಬೈಯುವುದಕ್ಕೆ.

ಬೆಳಿಗ್ಗೆ ಏಳಕ್ಕೆ ನಾಲ್ವರು ಏಣಿ ಇಳಿಯುತ್ತಿದ್ದರು. ಸಲಿಕೆ, ಬಾಂಡ್ಲಿ, ಹಣೆಗೆ ದೀಪ. ಹನ್ನೊಂದಕ್ಕೆ ಮೇಲೆ ಬರಬೇಕು. ಹನ್ನೊಂದೂವರೆಗೆ ಮೇಲಿನ ಕೆರೆಯ ತೂಬು ಎತ್ತಿ, ಕೆದಕಿದ ಹೂಳನ್ನು ಕೊಚ್ಚಿಕೊಂಡು ಹೋಗಲೆಂದು ಒಂದು ಗಂಟೆ ನೀರು ಬಿಡುತ್ತಾರೆ. ಮೋರಿಯ ಬಾಯಿಯ ಪಕ್ಕ ಮರದ ಮಣೆ ಹಾಕಿಕೊಂಡು, ಹಗ್ಗದ ತುದಿ ಮೊಣಕೈಗೆ ಸುತ್ತಿಕೊಂಡು ಕೂರುವವಳು ಕಿವಿಯಕ್ಕ. ಅವಳ ಕೆಲಸ ಕೇಳಿಸಿಕೊಳ್ಳುವುದು.

ಏನನ್ನು? ಬೈಗುಳವನ್ನು.

ಇದು ಆ ತಂಡದ ಹಳೆಯ ಪದ್ಧತಿ. ಕೆಳಗಿಳಿದವರು ಮೇಲೆ ಕೂತವಳನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಇರಬೇಕು, ಅವಳು ತಿರುಗಿ ಬೈಯಬೇಕು. ಬೈಗುಳ ಕೇಳುತ್ತಿರುವವರೆಗೆ ಉಸಿರಿದೆ ಎಂದರ್ಥ. ಬೈಗುಳ ಗಿಡ್ಡವಾಗುತ್ತ ಬಂದರೆ ಗಾಳಿ ಕೆಟ್ಟಿದೆ. ನಿಂತರೆ ಹಗ್ಗ ಎಳಿ. ಅದಕ್ಕೊಂದು ನಿಯಮವೂ ಇತ್ತು: ಹೆತ್ತವರನ್ನು ಎಳೆಯಬಾರದು, ಕಾಯಿಲೆಯ ಮಾತು ಬೇಡ, ಮೈಯ ಊನ ಎತ್ತಬಾರದು. ಉಳಿದದ್ದೆಲ್ಲ ಅವರವರ ಪ್ರತಿಭೆ. ಪ್ರತಿಭೆಯಲ್ಲಿ ಮೈದುನನನ್ನು ಮೀರಿಸುವವರಿರಲಿಲ್ಲ. ಅವನ ಅಡ್ಡಹೆಸರೇ ಬಾಯಿಬಡುಕ.

“ಅತ್ತಿಗೇ, ಇದೀಯಾ, ಇಲ್ಲ ಮಣೆಗೇ ಅಂಟ್ಕೊಂಡು ಮರ ಆಗ್ಬಿಟ್ಯಾ?”

“ಮರ ಆದ್ರೂ ನಿನಗಿಂತ ಚುರುಕಾಗಿರ್ತೀನಿ. ಸಲಿಕೆ ಸದ್ದೇ ಇಲ್ವಲ್ಲೋ, ಅದನ್ನ ದಿಂಬು ಮಾಡ್ಕೊಂಡ್ಯಾ?”

“ನೀನು ಕೊಟ್ಟ ಬುತ್ತಿ ತಿಂದೋನು ಸಲಿಕೆ ಎತ್ತೋದಾದ್ರೂ ಹೇಗೆ? ಹೊಟ್ಟೇಲಿ ಇಟ್ಟಿಗೆ ಬಿದ್ದ ಹಾಗಿದೆ. ಇಲ್ಲೇ ಗೋಡೆಗೆ ಹಚ್ಚಿಬಿಡಲಾ?”

ಬೀದಿಯಲ್ಲಿ ಹೋಗುವವರು ಮುಖ ಸಿಂಡರಿಸಿಕೊಂಡು ಹೋಗುತ್ತಿದ್ದರು. ಇಟ್ಟಿಗೆಯ ಕೊಳವೆಯಲ್ಲಿ ಕೂಗು ಗೋಡೆಯಿಂದ ಗೋಡೆಗೆ ಬಡಿಯುತ್ತ ಬಹುದೂರ ಹೋಗುತ್ತದೆ. ಅದಕ್ಕೂ ಆಚೆಗೆ, ಎರಡು ತಿರುವುಗಳಲ್ಲಿ ಇಬ್ಬರು ‘ನಡುವಿನವರು’ ನಿಂತು ಮಾತು ದಾಟಿಸುತ್ತಿದ್ದರು. ಎಲ್ಲರೂ ಮೇಲೆ ಬಂದ ಮೇಲೆ ಒಬ್ಬ ಸೈಕಲ್ ಹತ್ತಿ ಹೋಗಿ ತೂಬಿನವನ ಕೈಗೆ ಹಿತ್ತಾಳೆಯ ಬಿಲ್ಲೆ ಕೊಡಬೇಕು. ಬಿಲ್ಲೆ ಕೈಗೆ ಬಾರದೆ ತೂಬು ಏಳುವಂತಿರಲಿಲ್ಲ.

ಆಮೇಲೆ ವಾಕಿಟಾಕಿ ಬಂತು.

ತಂದವನು ಮೇಲ್ವಿಚಾರಕ. ಹೂಳೆತ್ತುವ ಜಾಗಕ್ಕೂ ಗರಿಗರಿ ಅಂಗಿಯಲ್ಲೇ ಬರುತ್ತಿದ್ದುದರಿಂದ ಜನ ಅವನನ್ನು ಇಸ್ತ್ರಿ ಸಾಹೇಬ ಎನ್ನುತ್ತಿದ್ದರು. ಕೆಟ್ಟವನಲ್ಲ, ಕಾಗದದಲ್ಲಿ ಇದ್ದದ್ದು ಜಗತ್ತಿನಲ್ಲೂ ಇದೆ ಎಂದು ನಂಬಿದವನು. ಆರು ಕಪ್ಪು ಸೆಟ್ಟುಗಳನ್ನು ಅಂಗಳದ ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದನ್ನು ಬಾಯಿಬಡುಕನ ಕೈಗೆ ಕೊಟ್ಟು ಅಂಗಳದ ಆ ತುದಿಗೆ, ಲಾರಿ ನಿಲ್ಲುವ ಕಡೆಗೆ, ಕಳಿಸಿದ. “ಕೇಳಿಸ್ತಿದೆಯಾ?” ಎಂದ. “ನಿಮ್ಮ ಉಸಿರೂ ಕೇಳಿಸ್ತಿದೆ ಸಾರ್, ಬೆಳಿಗ್ಗೆ ಈರುಳ್ಳಿ ತಿಂದಿದ್ದೀರಿ” ಎಂದಿತು ಸೆಟ್ಟು. ಎಲ್ಲರೂ ನಕ್ಕರು. ಪರೀಕ್ಷೆ ತೃಪ್ತಿಕರ ಎಂದು ಕಾಗದಕ್ಕೆ ಸಹಿ ಬಿತ್ತು. ಆ ಪರೀಕ್ಷೆ ನಡೆದದ್ದು ಬಯಲಿನಲ್ಲಿ, ಒಣ ನೆಲದ ಮೇಲೆ, ಎದುರುಬದುರು ನಿಂತು. ಅದು ಯಾರ ತಲೆಗೂ ಹೊಳೆಯಲಿಲ್ಲ, ಕಿವಿಯಕ್ಕನ ತಲೆಗೂ.

ಸೆಟ್ಟಿನ ಜೊತೆ ಒಂದು ಹಾಳೆ ನಿಯಮ ಬಂತು. ಈ ಚಾನಲ್ಲು ಕಚೇರಿಯಲ್ಲೂ ಕೇಳುತ್ತದೆ, ಆದ್ದರಿಂದ ಬೈಗುಳ ಕೂಡದು. ಬೇಡದ ಮಾತು ಬೇಡ, ಬ್ಯಾಟರಿ ಖರ್ಚು. ತೊಂದರೆಯಿದ್ದರೆ ಮಾತ್ರ ಮಾತಾಡಿ. ಯಾರೂ ಮಾತಾಡದಿದ್ದರೆ ಎಲ್ಲ ಸರಿಯಿದೆ ಎಂದು ತಿಳಿದು ಹನ್ನೊಂದೂವರೆಗೆ ತೂಬು ಎತ್ತತಕ್ಕದ್ದು. ಹಗ್ಗ ಉಗ್ರಾಣ ಸೇರಿತು, ಬಿಲ್ಲೆಯನ್ನು ಕಚೇರಿಗೆ ಒಪ್ಪಿಸಿಕೊಂಡರು, ತಿರುವಿನಲ್ಲಿ ನಿಲ್ಲುತ್ತಿದ್ದ ನಡುವಿನವರಿಬ್ಬರನ್ನು ‘ಇನ್ನು ಅಗತ್ಯವಿಲ್ಲ’ ಎಂದು ಮನೆಗೆ ಕಳಿಸಿದರು. ಹದಿಮೂರು ಜನರಿದ್ದ ತಂಡ ಹನ್ನೊಂದಾಯಿತು. ಹೊಸ ಯಂತ್ರ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಅದು ಏನು ಮಾಡುತ್ತದೆ ಎಂಬುದಲ್ಲ, ಅದನ್ನು ತೋರಿಸಿ ಏನನ್ನು ಕಿತ್ತುಕೊಳ್ಳುತ್ತಾರೆ ಎಂಬುದು. ಆ ದಿನ ಯಾರೂ ಕೇಳಲಿಲ್ಲ. ಸೆಟ್ಟು ಚೆನ್ನಾಗಿತ್ತು, ಸೊಂಟಕ್ಕೆ ಸಿಕ್ಕಿಸಿಕೊಂಡರೆ ಗತ್ತಾಗಿ ಕಾಣುತ್ತಿತ್ತು.

ಎರಡು ವಾರ ಏನೂ ಆಗಲಿಲ್ಲ. ಹೂಳು ಬಾಯಿಯ ಹತ್ತಿರವೇ ಇತ್ತು, ಮಾತು ನಿಚ್ಚಳವಾಗಿ ಬರುತ್ತಿತ್ತು. ಮೂರನೆಯ ವಾರ ಕೆಲಸ ಎರಡನೇ ತಿರುವಿನಾಚೆಗೆ ಹೋಯಿತು. ಆ ದಿನ ಸೆಟ್ಟಿನಿಂದ ಒಂದು ಪಿಟಕ್ಕೂ ಇಲ್ಲ. ಕಿವಿಯಕ್ಕನಿಗೆ ಒಂದು ಬಗೆಯ ಹೆಮ್ಮೆಯೇ ಆಯಿತು. ಅಂತೂ ನಮ್ಮ ಬಾಯಿಬಡುಕ ನಿಯಮ ಕಲಿತ, ಎಂದುಕೊಂಡಳು.

ಹನ್ನೊಂದಾಯಿತು. ಯಾರೂ ಮೇಲೆ ಬರಲಿಲ್ಲ. ಹನ್ನೊಂದೂ ಹತ್ತಕ್ಕೆ ಗುಂಡಿ ಒತ್ತಿ ಕರೆದಳು, ಉತ್ತರವಿಲ್ಲ. ಬ್ಯಾಟರಿ ಉಳಿಸುತ್ತಿದ್ದಾರೆ ಎಂದುಕೊಂಡಳು. ಹನ್ನೊಂದೂವರೆಗೆ ಮಣೆಯಿಂದ ಎದ್ದು ನಿಂತಳು. ಈ ಮನುಷ್ಯ ನಿದ್ದೆಯಲ್ಲೂ ಇಪ್ಪತ್ತು ನಿಮಿಷ ಸುಮ್ಮನಿದ್ದವನಲ್ಲ.

“ತೂಬಣ್ಣಾ, ಎತ್ತಬೇಡ. ನಮ್ಮವರು ಬಂದಿಲ್ಲ” ಎಂದಳು ಸೆಟ್ಟಿಗೆ.

“ತೊಂದರೆ ಇದ್ರೆ ಅವರೇ ಹೇಳ್ತಾರಲ್ಲಮ್ಮ. ಹಾಳೇಲಿ ಹಾಗೇ ಇದೆ. ನಿನಗೆ ಏನಾದ್ರೂ ಕೇಳಿಸ್ತಾ?”

“ಏನೂ ಕೇಳಿಸ್ತಿಲ್ಲ! ಅದೇ ತೊಂದರೆ!”

“ಏನೂ ಕೇಳಿಸ್ತಿಲ್ಲ ಅಂದ್ರೆ ಎಲ್ಲ ಸರಿಯಿದೆ ಅಂತ ತಾನೆ? ಗಂಟೆ ಆಯ್ತು, ಮೂರು ಸುತ್ತು ತಿರುಗಿಸಿದ್ದೂ ಆಯ್ತು.”

“ಇನ್ನೊಂದು ಸುತ್ತು ತಿರುಗಿಸಿದ್ರೆ ನಿನ್ನ ಕೈ ಮುರಿದು ಆ ತೂಬಿಗೇ ಬೆಣೆ ಹೊಡೀತೀನಿ. ಇಳಿಸು! ಈಗಲೇ ಇಳಿಸು!”

ಇಡೀ ಕಚೇರಿ ಕೇಳಿಸಿಕೊಂಡಿತು. ತೂಬಿನವನ ಕೈ ನಿಂತಿತು. ಕಿವಿಯಕ್ಕ ಸೆಟ್ಟು ಅಲ್ಲೇ ಬಿಸಾಕಿ, ಸೀರೆಯ ಸೆರಗು ಸೊಂಟಕ್ಕೆ ಬಿಗಿದು ಏಣಿ ಇಳಿದಳು. ಮೊದಲ ತಿರುವಿನವರೆಗೆ ಓಡಿ, ಬಾಟಲಿ ಕಾರ್ಖಾನೆಯಲ್ಲಿ ಬೆಳೆಸಿದ ಗಂಟಲಿನಿಂದ ಹಳೆಯ ಬೈಗುಳಗಳನ್ನೆಲ್ಲ ಒಂದೇ ಉಸಿರಿಗೆ ಸುರಿದಳು. ಸ್ವಲ್ಪ ಹೊತ್ತಿನ ಮೇಲೆ ದೂರದಿಂದ ಒಂದು ಬೈಗುಳ ತಿರುಗಿ ಬಂತು. ಆಮೇಲೆ ನಾಲ್ಕು ದೀಪ ಕಂಡವು. ಮೂರು ಸುತ್ತಿನ ನೀರು ಅಷ್ಟರಲ್ಲಿ ಮೊಣಕಾಲಿಗೆ ಬಂದಿತ್ತು. ಒಬ್ಬನ ಬೂಟು ಹೋಯಿತು. ಹೋದದ್ದು ಅಷ್ಟೇ. ಹತ್ತು ಸುತ್ತು ತಿರುಗಿಸಿದ್ದರೆ ಎದೆಮಟ್ಟ.

ಮೇಲೆ ಬಂದು ಬಿಸಿಲಿಗೆ ಬಿದ್ದುಕೊಂಡು ಬಾಯಿಬಡುಕ ಬೊಬ್ಬೆ ಹಾಕಿದ. “ಯಾರೋ ಪುಣ್ಯಾತ್ಮ ಹಾಸಿಗೆ ಎಸೆದಿದಾನೆ ಅತ್ತಿಗೆ! ಇಬ್ಬರು ಮಲಗೋ ಹಾಸಿಗೆ! ಅಡ್ಡ ಸಿಕ್ಕೊಂಡಿತ್ತು. ಅರ್ಧ ಗಂಟೆ ಬೇಕು, ತೂಬು ಎತ್ತಬೇಡಿ ಅಂತ ಹನ್ನೊಂದು ಸಲ ಗುಂಡಿ ಒತ್ತಿ ಹೇಳಿದೀನಿ. ಹನ್ನೊಂದು ಸಲ!”

“ಮತ್ತೆ ಉತ್ತರ ಬರದಿದ್ದಾಗ ಎದ್ದು ಬರಬಾರದಾ, ದಡ್ಡ?”

“ನೀನೂ ಶಿಸ್ತು ಪಾಲಿಸ್ತಿದೀಯ ಅಂದ್ಕೊಂಡೆ.”

ಕೆಳಗಿದ್ದವನೂ ಮೇಲಿದ್ದವಳೂ ಮೌನವನ್ನು ಒಬ್ಬರಿಗೊಬ್ಬರು ತೋರಿಸುವ ಮರ್ಯಾದೆ ಎಂದು ತಿಳಿದು ಕೂತಿದ್ದರು.

ಇಸ್ತ್ರಿ ಸಾಹೇಬ ಮಧ್ಯಾಹ್ನ ಬಂದ. ಎರಡೂ ಸೆಟ್ಟುಗಳನ್ನು ಅಂಗಳದಲ್ಲಿ ಪರೀಕ್ಷಿಸಿದ. ಎರಡೂ ಗಂಟೆ ಬಾರಿಸಿದ ಹಾಗೆ ಮಾತಾಡಿದವು. “ಸೆಟ್ಟಲ್ಲಿ ದೋಷ ಇಲ್ಲ. ಗುಂಡಿ ಸರಿಯಾಗಿ ಒತ್ತಿಲ್ಲ. ಮೇಲಾಗಿ ನೀವು ಚಾನಲ್ಲಲ್ಲಿ ಕೆಟ್ಟ ಮಾತಾಡಿದೀರಿ” ಎಂದ. ಕಿವಿಯಕ್ಕನ ಹೆಸರಿಗೆ ಕಾಗದ ಬಂತು: ಸೋಮವಾರದೊಳಗೆ ವಿವರಣೆ ಕೊಡಬೇಕು, ಇಲ್ಲವಾದರೆ ಬೇರೆಯವರನ್ನು ಕೂರಿಸಲಾಗುವುದು. ಸೋಮವಾರವೇ ಮತ್ತೆ ನಾಲ್ವರು ಅದೇ ತಿರುವಿನಾಚೆಗೆ ಇಳಿಯಬೇಕಿತ್ತು. ಅವಳ ಕೆಲಸ ಹೋಗುವುದು ದೊಡ್ಡ ಮಾತಲ್ಲ, ಕೆಲಸ ಹಿಂದೆಯೂ ಹೋಗಿತ್ತು. ಅವಳ ಜಾಗದಲ್ಲಿ ಕೂರುವವಳು ಮೌನ ಕೇಳಿ ಸಮಾಧಾನಪಟ್ಟರೆ ನಾಲ್ಕು ಹೆಣ.

ಆ ಸಂಜೆ ಅಡುಗೆಮನೆಯಲ್ಲಿ ಕಾಗದವನ್ನು ಅತ್ತೆಯ ಮುಂದೆ ಇಟ್ಟಳು. ಅತ್ತೆ ರೇಡಿಯೊ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸುರುಳಿ ಸುತ್ತಿದವಳು. ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸುತ್ತು ತಪ್ಪದೆ ಸುತ್ತಿ ಸುತ್ತಿ ಬೆರಳ ತುದಿ ನುಣುಪಾಗಿ ಹೋಗಿತ್ತು. ಅಂಥ ಬೆರಳಲ್ಲಿ ಈಗ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಾಗದ ಓದಿ ಪಕ್ಕಕ್ಕಿಟ್ಟಳು.

“ಅಂಗಳದಲ್ಲಿ ಪರೀಕ್ಷೆ ಮಾಡಿದ್ನಾ? ಈಜು ಬರುತ್ತಾ ಅಂತ ಹಾಸಿಗೆ ಮೇಲೆ ನೋಡಿದ ಹಾಗಾಯ್ತು. ನಿನ್ನ ಫೋನ್ ಕೊಡು.”

ಫೋನನ್ನು ಹಿಟ್ಟಿನ ಸ್ಟೀಲ್ ಡಬ್ಬದೊಳಗೆ ಹಾಕಿ ಮುಚ್ಚಳ ಸಡಿಲವಾಗಿಟ್ಟಳು. “ಈಗ ನನ್ನ ಫೋನಿಂದ ಕರಿ.” ಡಬ್ಬದೊಳಗಿಂದ ಫೋನು ಹಾಡಿತು. “ಸಂದಿ ಇತ್ತು, ನುಗ್ಗಿತು” ಎಂದಳು ಅತ್ತೆ. ಮಗ ಬೇಕರಿಯಿಂದ ತಂದಿದ್ದ ಬೆಳ್ಳಿ ಬಣ್ಣದ ಹಾಳೆಯನ್ನು ಡಬ್ಬಕ್ಕೆ ಎರಡು ಸುತ್ತು ಬಿಗಿಯಾಗಿ ಸುತ್ತಿದಳು. “ಮತ್ತೆ ಕರಿ.” ಈ ಸಲ ಡಬ್ಬ ಸುಮ್ಮನಿತ್ತು. ಕೈಯಲ್ಲಿದ್ದ ಫೋನು ಇಂಪಾದ ದನಿಯಲ್ಲಿ ಹೇಳಿತು: ‘ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.’

“ಎರಡು ಗೇಣು ದೂರ ಇದೆ, ವ್ಯಾಪ್ತಿ ಪ್ರದೇಶದ ಹೊರಗಂತೆ” ಎಂದಳು ಕಿವಿಯಕ್ಕ.

“ನಿನ್ನ ಮೈದುನನ ಕತೆಯೂ ಅಷ್ಟೆ. ಕೂತ್ಕೋ, ಹೇಳ್ತೀನಿ. ತಂತಿಯೊಳಗೆ ಕರೆಂಟನ್ನ ಹಿಂದಕ್ಕೂ ಮುಂದಕ್ಕೂ ಓಡಿಸಿದ್ರೆ ಅದು ತಂತಿಯೊಳಗೇ ಸುಮ್ಮನಿರಲ್ಲ. ಸುತ್ತಲಿನ ಜಾಗಕ್ಕೆ ಅಲೆ ಬಿಡುತ್ತೆ. ಅದು ಬೆಳಕಿನ ಒಡಹುಟ್ಟು. ಅಷ್ಟೇ ವೇಗ, ಅದೇ ಮನೆತನ, ಕಣ್ಣಿಗೆ ಮಾತ್ರ ಕಾಣಲ್ಲ. ನಿನ್ನ ಸೆಟ್ಟೊಳಗೆ ಆ ಓಡಾಟ ಸೆಕೆಂಡಿಗೆ ನಲವತ್ತೈದು ಕೋಟಿ ಸಲ.”

“ಯಾರು ಎಣಿಸಿದ್ರು ಅತ್ತೆ?”

“ಎಣಿಸೋ ಯಂತ್ರ ಇತ್ತು. ನಮ್ಮ ಓವರ್‌ಟೈಮ್ ಎಣಿಸೋ ಯಂತ್ರ ಮಾತ್ರ ಇರಲಿಲ್ಲ. ಕೇಳು. ಒಂದು ಓಡಾಟ ಮುಗಿಯೋದ್ರೊಳಗೆ ಅಲೆ ಒಂದೂವರೆ ಮೊಳ ಮುಂದೆ ಹೋಗಿರುತ್ತೆ. ಅದೇ ಅದರ ಉದ್ದ. ಸೆಟ್ಟಿನ ಮೇಲಿರೋ ಆ ಕೊಂಬನ್ನ ಅದಕ್ಕೆ ತಕ್ಕ ಹಾಗೆ, ಕಾಲು ಪಾಲಿಗೆ ಕತ್ತರಿಸಿರ್ತಾರೆ.”

“ಮತ್ತೆ ಮಾತು ಎಲ್ಲಿ ಕೂತಿರುತ್ತೆ?”

“ಅಲೆ ಬರೀ ಬಂಡಿ. ಮಾತು ಅದರ ಸವಾರಿ. ನಿನ್ನ ದನಿ ಹೇಗೆ ನಡುಗುತ್ತೋ ಹಾಗೆ ಆ ಓಡಾಟ ಚೂರು ಬಿರುಸಾಗುತ್ತೆ, ಚೂರು ನಿಧಾನ ಆಗುತ್ತೆ. ಆ ಕಡೆ ಸೆಟ್ಟಿನ ಕೊಂಬಿಗೆ ಅಲೆ ತಾಗಿದ ತಕ್ಷಣ ಅದರೊಳಗೂ ಕರೆಂಟು ಅದೇ ತಾಳಕ್ಕೆ ಓಡಾಡುತ್ತೆ. ಸೆಟ್ಟು ಆ ಏರಿಳಿತ ಓದಿ ತಿರುಗಿ ದನಿ ಮಾಡುತ್ತೆ. ಬಸ್ಸಲ್ಲಿ ಕಾರ್ಡ್ ತೋರಿಸಿದ್ರೆ ಪಿಂಕ್ ಅನ್ನುತ್ತಲ್ಲ, ಅದರೊಳಗೂ ಇದೇ. ಕಾರಿನವರು ದೂರದಿಂದಲೇ ಕೀಲಿ ಒತ್ತಿ ಬಾಗಿಲು ತೆಗೀತಾರಲ್ಲ, ಅದೂ ಇದೇ. ಫೋನು, ವೈಫೈ, ಆಕಾಶದಿಂದ ದಾರಿ ಹೇಳೋದು, ಎಲ್ಲ ಒಂದೇ ತಾಯಿ ಮಕ್ಕಳು. ಉದ್ದ ಬೇರೆ, ತಾಳ ಬೇರೆ.”

“ಟಿವಿ ರಿಮೋಟು?”

“ಅದಲ್ಲ. ಅದು ಕಣ್ಣಿಗೆ ಕಾಣದ ಬೆಳಕು, ಮೈ ಅಡ್ಡ ಬಂದ್ರೆ ನಿಂತುಬಿಡುತ್ತೆ. ನೀನು ಧಾರಾವಾಹಿ ಹಾಕೋಕೆ ಹೊರಟಾಗೆಲ್ಲ ನಾನು ಅಡ್ಡ ಬಂದು ನಿಲ್ಲೋದು ಯಾಕೆ ಅಂದ್ಕೊಂಡೆ?”

ಕಿವಿಯಕ್ಕ ನಕ್ಕಳು, ಬೆಳಗಿನಿಂದ ಮೊದಲ ಸಲ. ಆಮೇಲೆ ಕೇಳಿದಳು. “ನನ್ನ ಕೂಗು ತಿರುವು ದಾಟುತ್ತೆ. ನಲವತ್ತೈದು ಕೋಟಿ ಸಲ ಕುಣಿಯೋದು ಯಾಕೆ ದಾಟಲ್ಲ?”

ಅತ್ತೆ ಬೆಳ್ಳುಳ್ಳಿ ಬಿಟ್ಟಳು. “ಕೂಗು ಅಂದ್ರೆ ಗಾಳಿಯ ತಳ್ಳಾಟ. ಇಟ್ಟಿಗೆ ಅದನ್ನ ಹಿಂದಕ್ಕೆ ಒದೆಯುತ್ತೆ, ಒದೆಸ್ಕೊಂಡು ಒದೆಸ್ಕೊಂಡು ಮುಂದೆ ಹೋಗುತ್ತೆ, ನಮ್ಮಂಥವರ ಹಾಗೆ. ಈ ಅಲೆಯನ್ನ ಒದ್ದೆ ಇಟ್ಟಿಗೆ ಒದೆಯಲ್ಲ, ಕುಡಿದುಬಿಡುತ್ತೆ. ಒದ್ದೆ ಮಣ್ಣು ಇನ್ನೂ ಜೋರಾಗಿ ಕುಡಿಯುತ್ತೆ. ನೆಟ್ಟಗಿರೋ ಕಡೆ ಒಂದಿಷ್ಟು ದೂರ ಹೋಗುತ್ತೆ. ತಿರುವಲ್ಲಿ? ಬಾಗಿಲಿಂದ ಬಿದ್ದ ಬಿಸಿಲು ಪಕ್ಕದ ಕೋಣೆಗೆ ಎಷ್ಟು ತಿರುಗುತ್ತೋ ಇದೂ ಅಷ್ಟೇ ತಿರುಗೋದು.”

“ಹಾಗಾದ್ರೆ ದಾರಿ ಇಲ್ವಾ?”

“ಇದೆ. ಗಣಿಗಳಿಗೆ ಅಂತ ನಮ್ಮಲ್ಲಿ ಒಂದು ಕೇಬಲ್ ಮಾಡ್ತಿದ್ವಿ. ನಡುವೆ ಒಂದು ತಂತಿ, ಅದರ ಸುತ್ತ ತಾಮ್ರದ ಅಂಗಿ. ಅಂಗಿ ಇದ್ರೆ ಅಲೆ ಹೊರಗೆ ಹೋಗಲ್ಲ, ಒಳಗೇ ಓಡುತ್ತೆ. ಆ ಅಂಗಿಗೆ ಬೇಕಂತಲೇ ಅಷ್ಟಷ್ಟು ದೂರಕ್ಕೆ ಸೀಳು ಹಾಕ್ತಿದ್ವಿ. ತರಕಾರಿ ಪಾತಿಗೆ ತೂತಿನ ಪೈಪು ಹಾಕ್ತಾರಲ್ಲ, ಉದ್ದಕ್ಕೂ ತೊಟ್ಟಿಕ್ಕೋದು? ಹಾಗೆ. ಹೋದಲ್ಲೆಲ್ಲ ಸೀಳಿಂದ ಅಲೆ ಸೋರುತ್ತೆ, ಹೊರಗಿನ ಅಲೆ ಅದೇ ಸೀಳಿಂದ ಒಳಗೂ ಬರುತ್ತೆ. ಮೋರಿ ಬಾಯಲ್ಲಿ ಒಂದು ಪೆಟ್ಟಿಗೆ ಇಟ್ಟು ಅದಕ್ಕೆ ಸಿಕ್ಕಿಸಿ ಗೋಡೆ ಉದ್ದಕ್ಕೂ ನೇತುಹಾಕಿದ್ರೆ ಆಯ್ತು. ಕೇಬಲ್ ಎಲ್ಲಿ ತಿರುಗುತ್ತೋ ಮಾತೂ ಅಲ್ಲೆಲ್ಲ ತಿರುಗುತ್ತೆ. ನಿನ್ನ ಸಾಹೇಬನಿಗೆ ಹೇಳು. ಬಾಯಲ್ಲಿ ಹೇಳಿದ್ರೆ ಕೇಳಲ್ಲ, ಅಳೆದು ಹೇಳು.”

ಶನಿವಾರ ತೂಬಿನವನನ್ನು ಕಂಡು, ಯಾರೂ ನೀರು ಬಿಡದಂತೆ ತೂಬಿನ ಕೀಲಿ ಇಸಿದುಕೊಂಡು, ಅತ್ತಿಗೆ ಮೈದುನ ಇಬ್ಬರೂ ಅಳೆಯಲು ಹೋದರು. ಕೀಲಿ ಕೊಡುವಾಗ ಅವನು ಅವಳ ಮುಖ ನೋಡಲಿಲ್ಲ. “ಹಾಳೇಲಿ ಇದ್ದದ್ದು ಮಾಡ್ದೆನಮ್ಮ” ಎಂದ. “ಗೊತ್ತು. ಆ ಹಾಳೆಯನ್ನೇ ಬದಲಾಯಿಸೋಕೆ ಹೊರಟಿದೀವಿ” ಎಂದಳು.

ಅವಳು ಸೆಟ್ಟು ಹಿಡಿದು ಮಣೆಯ ಮೇಲೆ, ಬಾಯಿಬಡುಕ ಇನ್ನೊಂದು ಸೆಟ್ಟು, ಸುಣ್ಣದ ಬಳಪ ಹಿಡಿದು ಕೆಳಗೆ. ಹೆಜ್ಜೆಗೊಂದು ಸಂಖ್ಯೆ ಹೇಳುತ್ತ ನಡೆಯಬೇಕು; ಅವಳಿಗೆ ಕೇಳಿಸಿದ್ದನ್ನು ಅವಳು ಬರೆದುಕೊಳ್ಳಬೇಕು. ಎಂಬತ್ತನೆಯ ಹೆಜ್ಜೆಯವರೆಗೆ ನಿಚ್ಚಳ. ತೊಂಬತ್ತಕ್ಕೆ, ಮೊದಲ ತಿರುವಿನಲ್ಲಿ, ಬಾಣಲೆಯಲ್ಲಿ ಎಣ್ಣೆ ಸಿಡಿದ ಸದ್ದು. ತೊಂಬತ್ತೊಂಬತ್ತು ಕೇಳಿಸಿತು, ನೂರು ಕೇಳಿಸಲಿಲ್ಲ. ಅಲ್ಲಿಂದ ಹಿಂದೆ ಬಂದು ಮತ್ತೆ ಹೋದ, ಮತ್ತೆ ಬಂದ. ಐದು ಸಲ. ಐದೂ ಸಲ ತಿರುವಿನಿಂದ ಒಂಬತ್ತು ಹತ್ತು ಹೆಜ್ಜೆಗೆ ಮಾತು ಸತ್ತಿತು. ಅಲ್ಲಿ ಗೋಡೆಯ ಮೇಲೆ ಅಡ್ಡಗೆರೆ ಎಳೆದು ಬಂದ. ಕೆಲಸದ ಜಾಗ ಇದ್ದದ್ದು ಇನ್ನೂರ ನಲವತ್ತನೆಯ ಹೆಜ್ಜೆಯಲ್ಲಿ. ನಡುವಿನ ನೂರ ನಲವತ್ತು ಹೆಜ್ಜೆಯಲ್ಲಿ ಸೊಂಟದ ಸೆಟ್ಟು ಒಂದು ಇಟ್ಟಿಗೆಗೆ ಸಮ.

“ಸಾಹೇಬನಿಗೆ ಇದನ್ನ ಕೊಟ್ರೆ ಏನಂತಾನೆ ಹೇಳಲಾ?” ಎಂದ ಬಾಯಿಬಡುಕ.

“ಏನಂತಾನೆ?”

“ಅನುಮತಿ ಇಲ್ದೆ ಗೋಡೆಗೆ ಗೆರೆ ಎಳೆದಿದ್ದಕ್ಕೆ ವಿವರಣೆ ಕೊಡಿ ಅಂತಾನೆ.”

ಅಕ್ಷರಶಃ ಹಾಗೇ ಆಯಿತು. ಸೋಮವಾರ ಬೆಳಿಗ್ಗೆ ಏಳಕ್ಕೆ ಹನ್ನೊಂದು ಜನರೂ ಬಂದು ಮೋರಿಯ ಬಾಯಿಯ ಸುತ್ತ ಕೂತರು. ಯಾರೂ ಏಣಿಗೆ ಕಾಲಿಡಲಿಲ್ಲ. ಕೆಲಸ ಕಳೆದುಕೊಂಡ ನಡುವಿನವರಿಬ್ಬರೂ ಬಂದು ಪಕ್ಕದಲ್ಲಿ ಕೂತರು. ಬೇಡಿಕೆ ಮೂರೇ. ಮೊದಲನೆಯದು, ಕೇಬಲ್. ಅದು ಬರುವವರೆಗೆ ತಿರುವಿಗೊಬ್ಬ ಮನುಷ್ಯ. ಮೂರನೆಯದನ್ನು ಕಿವಿಯಕ್ಕನೇ ಬರೆದಳು: ‘ಮಾತು ಕೇಳಿಸದಿದ್ದರೆ ತೂಬು ಮುಚ್ಚಿಯೇ ಇರತಕ್ಕದ್ದು.’ ಎಲ್ಲಕ್ಕಿಂತ ಅದಕ್ಕೇ ಇಸ್ತ್ರಿ ಸಾಹೇಬ ಹೆಚ್ಚು ತಕರಾರು ಮಾಡಿದ. ಸೆಟ್ಟು ಕೆಟ್ಟಾಗಲೆಲ್ಲ ಕೆಲಸ ನಿಲ್ಲುತ್ತದಲ್ಲ, ಎಂದ. “ನಿಲ್ಲಲಿ ಸಾರ್. ಕೆಲಸ ನಿಂತ್ರೆ ನಾಳೆ ಮತ್ತೆ ಶುರುವಾಗುತ್ತೆ” ಎಂದಳು. ಅವನು ಅಂಗಿಯ ಕೈ ಸರಿಮಾಡಿಕೊಂಡು ಹೋದ.

ಕೂರುವುದು ಸುಲಭವಲ್ಲ. ಮೊದಲ ದಿನ ಹುಮ್ಮಸ್ಸು. ಎರಡನೆಯ ದಿನ ಅಂಗಡಿಯವರು ಬಂದು ‘ಮಳೆ ಬಂದರೆ ನಮ್ಮ ಗತಿಯೇನು’ ಎಂದು ಜಗಳವಾಡಿದರು. ಅವರಿಗೆ ಬಾಯಿಬಡುಕ ಡಬ್ಬ, ಬೆಳ್ಳಿ ಹಾಳೆ ಹಿಡಿದು ಅಮ್ಮನ ಪಾಠವನ್ನೇ ಮಾಡಿದ. ಒಬ್ಬ ಅಂಗಡಿಯವನು ತನ್ನದೇ ಫೋನು ಡಬ್ಬಕ್ಕೆ ಹಾಕಿ, ಅದು ಮೂಕಾದದ್ದು ನೋಡಿ, ಹೋಗಿ ಎಲ್ಲರಿಗೂ ಚಹಾ ಕಳಿಸಿದ. ಮೂರನೆಯ ದಿನ ತಂಡದಲ್ಲೇ ಇಬ್ಬರು ಏಳೋಣ ಎಂದರು. ಮನೆ ಬಾಡಿಗೆಯ ದಿನ ಹತ್ತಿರ ಬಂದಿತ್ತು. ಅವರನ್ನು ಯಾರೂ ಹೀಯಾಳಿಸಲಿಲ್ಲ. ಕಿವಿಯಕ್ಕ ಹೇಳಿದ್ದು ಇಷ್ಟೇ: “ಎದ್ರೆ ನಾನು ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ಇಳಿದ್ರೆ ನನಗೆ ನಿಮ್ಮ ಮಾತು ಕೇಳಿಸಲ್ಲ. ಅದನ್ನ ತಿಳ್ಕೊಂಡು ಏಳಿ.” ಅವರು ಕೂತರು.

ನಾಲ್ಕನೆಯ ದಿನ ದೊಡ್ಡ ಮೇಡಂ ಬಂದಳು. ಇಡೀ ಊರಿನ ಮೋರಿಗಳಿಗೆ ಅವಳೇ ಎಂಜಿನಿಯರು. ‘ಪರೀಕ್ಷೆ ತೃಪ್ತಿಕರ’ ಎಂಬ ಕಾಗದದ ಕೆಳಗಿದ್ದ ಎರಡನೆಯ ಸಹಿ ಅವಳದು. ಅಳತೆಯ ಹಾಳೆ ನೋಡಿದಳು. “ಇದನ್ನ ಯಾರು ಮಾಡಿದ್ದು?”

“ನಾನು ಕೇಳಿದ್ದು, ಇವನು ನಡೆದದ್ದು” ಎಂದಳು ಕಿವಿಯಕ್ಕ.

“ನಂಬದಿದ್ರೆ ಏಣಿ ಇಲ್ಲೇ ಇದೆ ಮೇಡಂ. ಬೂಟು ಕೊಡ್ತೀವಿ. ಒಂದು ಕಾಲಿಂದು ಮಾತ್ರ ಕಡಿಮೆ ಇದೆ” ಎಂದ ಬಾಯಿಬಡುಕ.

ಇಸ್ತ್ರಿ ಸಾಹೇಬ ಅವನನ್ನು ಗದರಲು ಬಾಯಿ ತೆರೆದ. ದೊಡ್ಡ ಮೇಡಂ ಚಪ್ಪಲಿ ಬಿಚ್ಚಿ ಯಾರದೋ ಬೂಟು ಹಾಕಿಕೊಂಡು, ಸೆಟ್ಟು ಹಿಡಿದು ಇಳಿದಳು. ಬಾಯಿಬಡುಕ ದೀಪ ಹಿಡಿದು ಮುಂದೆ ನಡೆದ. ಮೇಲೆ ಹನ್ನೆರಡು ಜನ ಕಿವಿಯಕ್ಕನ ಕೈಯಲ್ಲಿದ್ದ ಸೆಟ್ಟಿನ ಸುತ್ತ ತಲೆ ಸೇರಿಸಿದರು. ‘ಹಲೋ’ ಎಂದಿತು. ‘ಹಲೋ, ಕೇಳಿಸ್ತಿದೆಯಾ?’ ಎಂದಿತು. ಒಮ್ಮೆ ಎಣ್ಣೆ ಸಿಡಿಯಿತು. ಆಮೇಲೆ ಏನೂ ಇಲ್ಲ. ಐದು ನಿಮಿಷ, ಹತ್ತು ನಿಮಿಷ. ರಸ್ತೆಯಲ್ಲಿ ಬಸ್ಸುಗಳು ಹೋದವು, ಅವುಗಳೊಳಗೆ ಕಾರ್ಡುಗಳು ಪಿಂಕ್ ಎಂದವು, ಜನ ಫೋನಿನಲ್ಲಿ ನಗುತ್ತ ಹೋದರು. ಗಾಳಿಯ ತುಂಬ ಮಾತು ತುಂಬಿ ತುಳುಕುತ್ತಿತ್ತು, ಇಪ್ಪತ್ತು ಅಡಿ ಕೆಳಗೆ ಇಳಿದವಳದು ಮಾತ್ರ ಇರಲಿಲ್ಲ.

ಮೇಲೆ ಬಂದಾಗ ಅವಳ ಮುಖದಲ್ಲಿ ಕೋಪವಿರಲಿಲ್ಲ, ನಾಚಿಕೆಯಿತ್ತು. “ಹದಿನೆಂಟು ಸಲ ಕರೆದೆ” ಎಂದಳು.

“ಒಂದೂ ಬರಲಿಲ್ಲ” ಎಂದಳು ಕಿವಿಯಕ್ಕ.

“ಕೇಬಲ್ ಎಷ್ಟು ಉದ್ದ ಬೇಕಾಗುತ್ತೆ?”

“ಕೊನೇ ತಿರುವಿನ ತನಕ ಮುನ್ನೂರ ಹತ್ತು ಹೆಜ್ಜೆ. ಇವನ ಹೆಜ್ಜೆ. ಸಾಹೇಬರ ಹೆಜ್ಜೆ ಆದ್ರೆ ಜಾಸ್ತಿ ಬೇಕಾಗುತ್ತೆ, ಅವರು ಕೆಸರು ನೋಡಿ ನೋಡಿ ಇಡ್ತಾರೆ.”

ಮೊದಲು ನಕ್ಕವನು ಇಸ್ತ್ರಿ ಸಾಹೇಬನೇ ಎಂದು ಹೇಳಬೇಕು. ಅದು ಅವನಿಗೆ ಸಲ್ಲಬೇಕಾದ್ದು.

ನಡುವಿನವರಿಬ್ಬರು ಅದೇ ಮಧ್ಯಾಹ್ನ ಕೆಲಸಕ್ಕೆ ಮರಳಿದರು. ಏಳು ವಾರದ ಮೇಲೆ ಕೇಬಲ್ ಬಂತು, ಹೆಬ್ಬೆರಳ ದಪ್ಪ, ಕಪ್ಪು. ಭುಜದ ಎತ್ತರಕ್ಕೆ ಕೊಕ್ಕೆ ಹೊಡೆದು ನೇತುಹಾಕಿದರು. ಅತ್ತೆ ಹಟ ಮಾಡಿ ಬಂದು ಅದರ ತುಂಡೊಂದನ್ನು ಕೈಯಲ್ಲಿ ಹಿಡಿದು, ಸಿಪ್ಪೆ ಸುಲಿಸಿ, ತಾಮ್ರದ ಸೀಳುಗಳ ಮೇಲೆ ಬೆರಳಾಡಿಸಿದಳು. “ನಮ್ಮ ಕಾಲದಲ್ಲಿ ಇದಕ್ಕಿಂತ ನೀಟಾಗಿ ಸೀಳ್ತಿದ್ವಿ” ಎಂದಳು. ಎರಡನೇ ತಿರುವಿನಾಚೆಯಿಂದ ಮೊದಲ ಮಾತು ಬಂದಾಗ ಕಿವಿಯಕ್ಕ ಸೆಟ್ಟನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು, ಅಷ್ಟು ಜೋರು. ಅದು ಏನೆಂದು ಇಲ್ಲಿ ಬರೆಯುವಂತಿಲ್ಲ. ಕಚೇರಿಯವರು ತಮ್ಮ ಸೆಟ್ಟಿನ ಸದ್ದು ತಗ್ಗಿಸಿಕೊಂಡರು, ಆಕ್ಷೇಪಿಸಲಿಲ್ಲ. ಈಗ ಅದು ಹಾಳೆಯಲ್ಲೇ ಇದೆ: ಮೂರು ನಿಮಿಷಕ್ಕೊಮ್ಮೆ ಕೆಳಗಿನಿಂದ ದನಿ ಬರಲೇಬೇಕು, ಏನನ್ನಾದರೂ ಹೇಳಬಹುದು. ದನಿ ತಪ್ಪಿದರೆ ತೂಬಿಗೆ ಬೀಗ.

ಕಿವಿಯಕ್ಕನಿಗೆ ಈಗ ಐವತ್ತೆರಡು. ಬಲಗಿವಿ ಸ್ವಲ್ಪ ಮಂದವಾಗಿದೆ. ತಿಂಗಳಿಗೆರಡು ದಿನ ಬೇರೆ ಮೋರಿಗಳ ಬಾಯಿಗೆ ಹೋಗಿ ಅಲ್ಲಿ ಕೂರುವವರಿಗೆ ಕಲಿಸುತ್ತಾಳೆ. ಮೊದಲು ಡಬ್ಬ ತೆರೆಯುತ್ತಾಳೆ, ಫೋನು ಹಾಕಿಸುತ್ತಾಳೆ. ಆಮೇಲೆ ಬಳಪ ಕೊಟ್ಟು ಕೆಳಗಿಳಿಸಿ, ಮಾತು ಸಾಯುವ ಜಾಗಕ್ಕೆ ಅವರ ಕೈಯಲ್ಲೇ ಗುರುತು ಹಾಕಿಸುತ್ತಾಳೆ. ಹೋದ ವರ್ಷ ಮೂರು ಬಾಯಿಗಳಲ್ಲಿ ಕೇಬಲ್ ಇಳಿಯಿತು. ಆದರೆ ಆ ಊರಿನಲ್ಲಿ ಮೋರಿಯ ಬಾಯಿ ಇರುವುದು ಇಪ್ಪತ್ತಾರು.

ನೀವು ಇದನ್ನು ಓದುತ್ತಿರುವ ಜಾಗದ ಕೆಳಗೂ ಒಂದು ಮೋರಿಯೋ, ಸುರಂಗವೋ, ಗುಂಡಿಯೋ ಇದೆ. ಅಲ್ಲಿಗೆ ಇಳಿಯುವವರಿದ್ದಾರೆ. ಅವರ ಮಾತು ಮೇಲೆ ಬರುತ್ತದೆಯೇ? ಬಾರದಿದ್ದರೆ ನೀರು ನಿಲ್ಲುತ್ತದೆಯೋ, ಹರಿಯುತ್ತದೆಯೋ? ನಿಮಗೆ ಗೊತ್ತಿಲ್ಲ. ಹೋಗಿ ಕೇಳಿ. ಈ ವಾರವೇ ಕಚೇರಿಗೆ ಹೋಗಿ ಕೇಳಿ. ‘ಸೆಟ್ಟು ಕೊಟ್ಟಿದ್ದೇವೆ’ ಎಂದರೆ ಒಪ್ಪಬೇಡಿ. ಸಹಿ ಹಾಕಿದವರನ್ನೇ ಕರೆದು, ನೀವೇ ಇಳಿದು ತಿರುವಿನಾಚೆ ನಿಂತು ಮಾತಾಡಿ ತೋರಿಸಿ ಎನ್ನಿ. ಅವರ ದನಿ ನಿಮ್ಮ ಕಿವಿಗೆ ಬೀಳುವವರೆಗೆ ಅಲ್ಲಿಂದ ಏಳಬೇಡಿ.